ಬೆಟ್ಟಸೀಮೆಯ ಪ್ರವಾಸ: ಹೊರಡುವುದಕ್ಕೆ ಮುಂಚೆ ಮಾಡತಕ್ಕ ಯೋಜನೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಾಲ್ಕು ಊರುಗಳನ್ನು 69ನೆಯ ರಾಷ್ಟ್ರೀಯ ಹೆದ್ದಾರಿಯು ಪಶ್ಚಿಮದಿಂದ ಪೂರ್ವಕ್ಕೆ, ದಾರದಲ್ಲಿ ಹೂ ಪೋಣಿಸಿದಂತೆ, ಒಂದರ ಹಿಂದೊಂದಾಗಿ ಪೋಣಿಸಿಕೊಂಡು ಹೋಗುತ್ತದೆ. ಮೊದಲನೆಯ ಊರಿನಿಂದ ಕೊನೆಯ ಊರಿಗೆ ಸುಮಾರು 80 ಕಿಲೋಮೀಟರು. ಎಲ್ಲಿಯೂ ನಿಲ್ಲದೆ ಓಡಿಸಿದರೆ ಎರಡು ಗಂಟೆಯ ಹಾದಿ. ಆದರೆ ಈ ಹಾದಿಯ ಎಡಬಲಗಳಲ್ಲಿ ಇರುವ ಬೆಟ್ಟ, ಕೆರೆ, ದೇಗುಲ, ತೋಟ, ಕಾರ್ಖಾನೆಗಳನ್ನು ಕಣ್ಣಿಟ್ಟು ನೋಡಬೇಕೆಂದರೆ ನಾಲ್ಕು ದಿನಗಳು ಹೆಚ್ಚೇನೂ ಅಲ್ಲ. ರಜೆಯು ಸಮೀಪಿಸಿದಾಗ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಂದಿರೂ, “ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ?” ಎಂದು ನಮ್ಮನ್ನು ಕೇಳುವುದುಂಟು. ದೂರದ ಊರುಗಳ ಹೆಸರನ್ನು ಹೇಳುವುದು ಸುಲಭ. ಮನೆಯ ಹಿಂದಣ ಬೆಟ್ಟವನ್ನೇ ಕಾಣದ ಮಗುವಿಗೆ ದೂರದ ಪರ್ವತವು ಚಿತ್ರಪಟವಾಗಿಯೇ ಉಳಿಯುತ್ತದೆ. ಆದಕಾರಣ ಈ ನಾಲ್ಕು ಊರುಗಳ ಬೆಟ್ಟಸೀಮೆಯನ್ನು ಮೋಟಾರಿನಲ್ಲಿ ಸುತ್ತಿಬರುವುದಕ್ಕೆ ಯೋಜನೆಯನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಯೋಜನೆಯೆಂದರೆ ನೋಡತಕ್ಕ ಸ್ಥಳಗಳ ಪಟ್ಟಿಯೆಂದು ಅನೇಕರು ತಿಳಿದಿರುತ್ತಾರೆ. ಅದು ಯೋಜನೆಯ ಅಲ್ಪಭಾಗ ಮಾತ್ರ. ಗುಂಪಿನಲ್ಲಿ ಎಲ್ಲರಿಗಿಂತ ದುರ್ಬಲರಾದವರು ಯಾರು, ಅಂಥವರಿಗೆ ಯಾವ ಗಂಟೆಯಲ್ಲಿ ಏನು ಬೇಕಾದೀತು, ಅದನ್ನು ಎಲ್ಲಿ ಒದಗಿಸಬಹುದು ಎಂಬುದನ್ನು ಮನೆಯಲ್ಲಿ ಕುಳಿತೇ ನಿಶ್ಚಯಿಸಿಕೊಳ್ಳುವುದು ನಿಜವಾದ ಯೋಜನೆ. ಇದನ್ನು ಮಾಡದೆ ಹೊರಡುವ ಮನೆಗಳಲ್ಲಿ ಏನಾಗುತ್ತದೆಂಬುದನ್ನು ನಾವು ಬಲ್ಲೆವು. ಕಡೆಯ ಘಳಿಗೆಯಲ್ಲಿ ಅಜ್ಜಿಯೂ ಹೆಣ್ಣುಮಕ್ಕಳೂ ಮನೆಯಲ್ಲಿ ಉಳಿಯುತ್ತಾರೆ, ಗಂಡುಮಕ್ಕಳು ಹೊರಡುತ್ತಾರೆ. “ದಾರಿಯಲ್ಲಿ ಅನುಕೂಲವಿಲ್ಲ, ಹುಡುಗಿಯರಿಗೆ ಕಷ್ಟ” ಎಂಬ ಮಾತಿಗೆ ಮರುಮಾತಿರುವುದಿಲ್ಲ. ಆದರೆ ಆ ಅನುಕೂಲವು ತಾನಾಗಿ ಒದಗುವ ವಸ್ತುವಲ್ಲ, ಹುಡುಕಿ ಹೊಂದಿಸಿಕೊಳ್ಳತಕ್ಕ ವಸ್ತು. ಕಾಗದದ ಮೇಲೆ ಒಂದು ಗಂಟೆ ದುಡಿದರೆ ಒಬ್ಬ ಹುಡುಗಿಯು ಮನೆಯಲ್ಲಿ ಉಳಿಯುವುದು ತಪ್ಪುತ್ತದೆ.

ಮೊದಲು ವಾಹನದ ವಿಚಾರ. ಮಲಗುವ ಹಾಸಿಗೆ, ಅಡಿಗೆಯ ಒಲೆ, ನೀರಿನ ತೊಟ್ಟಿ, ಶೌಚಗೃಹಗಳನ್ನು ಒಳಗೊಂಡ ‘ಕ್ಯಾರವಾನ್’ ಎಂಬ ಮನೆಗಾಡಿಗಳು ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಕ್ಕುತ್ತವೆ. ಇವುಗಳಿಗೂ ಇವು ತಂಗುವ ಬಯಲುಗಳಿಗೂ ಪ್ರೋತ್ಸಾಹ ಕೊಡಬೇಕೆಂದು ಕೇಂದ್ರದ ಪ್ರವಾಸೋದ್ಯಮ ಸಚಿವಾಲಯವು 2010ರಲ್ಲಿಯೇ ಒಂದು ನೀತಿಯನ್ನು ಪ್ರಕಟಿಸಿತು. ವೃದ್ಧರೂ ಚಿಕ್ಕ ಮಕ್ಕಳೂ ಇರುವ ಕುಟುಂಬಕ್ಕೆ ಇಂಥ ಗಾಡಿಯಿಂದ ಬಹಳ ಸೌಕರ್ಯವುಂಟು. ಆದರೆ ಗಾಡಿಯು ದೊಡ್ಡದಾದಷ್ಟೂ ಅದು ಹೋಗಬಲ್ಲ ದಾರಿಗಳು ಕಡಮೆಯಾಗುತ್ತವೆ ಎಂಬುದನ್ನು ಮರೆಯಬಾರದು. ಗಾಡಿಯ ಎತ್ತರ, ಅಗಲ, ಉದ್ದಗಳನ್ನು ಬಾಡಿಗೆಯವರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಹಳ್ಳಿಯ ದಾರಿಗೆ ಇಳಿಯುವ ಮುಂಚೆ ಕೆಳಗಿಳಿದು ತೂಗುವ ಕೊಂಬೆ, ಜೋಲುವ ತಂತಿ, ರೈಲ್ವೆ ಸೇತುವೆಯ ಕೆಳದಾರಿಗಳನ್ನು ವಿಚಾರಿಸಬೇಕು. ಕ್ಯಾರವಾನಿಗೆ ಹಣವಿಲ್ಲದವರು ಚಿಂತಿಸಬೇಕಾದುದಿಲ್ಲ. ಹನ್ನೆರಡು ಮಂದಿ ಕೂರುವ ಸಾಮಾನ್ಯ ವ್ಯಾನೂ ಊರಿನಲ್ಲೊಂದು ಒಳ್ಳೆಯ ತಂಗುಮನೆಯೂ ಇದ್ದರೆ ಅದೇ ಕೆಲಸ ಆಗುತ್ತದೆ.

ಇಲ್ಲಿ ಹೊರದೇಶದ ಒಂದು ದೃಷ್ಟಾಂತವನ್ನು ಹೇಳುವುದು ಉಚಿತ. ಅಮೆರಿಕದ ಅಪಲಾಚಿಯನ್ ಪರ್ವತಗಳ ದಕ್ಷಿಣ ಭಾಗದಲ್ಲಿ ‘ಬ್ಲೂ ರಿಡ್ಜ್ ಪಾರ್ಕ್‌ವೇ’ ಎಂಬ ರಸ್ತೆಯಿದೆ. 1935ರಲ್ಲಿ ಆರಂಭವಾದ ಕೆಲಸವು 1987ರಲ್ಲಿ ಮುಗಿಯಿತು. ಉದ್ದವು 469 ಮೈಲಿ, ಎಂದರೆ ಸುಮಾರು 755 ಕಿಲೋಮೀಟರು. ಅದು ಬೇಗ ಊರು ಸೇರಿಸುವುದಕ್ಕಾಗಿ ಮಾಡಿದ ರಸ್ತೆಯಲ್ಲ, ನೋಡುತ್ತ ಹೋಗುವುದಕ್ಕಾಗಿಯೇ ಮಾಡಿದ ರಸ್ತೆ. ಅಲ್ಲಿ ಸರಕಿನ ಲಾರಿಗಳಿಗೆ ಪ್ರವೇಶವಿಲ್ಲ. ವೇಗವು ಗಂಟೆಗೆ 45 ಮೈಲಿಯನ್ನು ಮೀರಕೂಡದು. ದಾರಿಯ ಬದಿಯಲ್ಲಿ ನಿಂತು ಕಣಿವೆಯನ್ನು ನೋಡುವುದಕ್ಕೆ ಅಲ್ಲಲ್ಲಿ ಕಟ್ಟೆಗಳಿವೆ. ಮನೆಗಾಡಿಯಲ್ಲಿ ಹೋಗುವವರು ಅಲ್ಲಿನ 26 ಸುರಂಗಗಳ ಎತ್ತರವನ್ನು ಮೊದಲೇ ನೋಡಿಕೊಂಡು ಹೊರಡುತ್ತಾರೆ. ನಮ್ಮ ಸೀಮೆಯಲ್ಲಿ ಅಂಥ ರಸ್ತೆಯಿಲ್ಲ. ನಮ್ಮ ಹೆದ್ದಾರಿಯಲ್ಲಿ ಟೊಮೇಟೊ ತುಂಬಿದ ಲಾರಿಯೂ ರೇಷ್ಮೆಗೂಡು ಹೊತ್ತ ಟೆಂಪೊವೂ ಕುರಿಯ ಮಂದೆಯೂ ಜೊತೆಯಲ್ಲಿಯೇ ಸಾಗುತ್ತವೆ. ಆ ರಸ್ತೆಯು ತಾನೇ ಕಲಿಸುವ ನಿಧಾನವನ್ನು ಇಲ್ಲಿ ನಾವು ನಮ್ಮ ಯೋಜನೆಯೊಳಗೆ ಬರೆದುಕೊಳ್ಳಬೇಕಾಗುತ್ತದೆ. ದಿನಕ್ಕೆ 60 ಕಿಲೋಮೀಟರಿಗಿಂತ ಹೆಚ್ಚು ಓಡಿಸಕೂಡದೆಂಬುದು ನಮ್ಮ ಸಲಹೆ.

ಎರಡನೆಯದು ಕಾಲ ಮತ್ತು ದಿಕ್ಕು. ಈ ಸೀಮೆಯಲ್ಲಿ ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಮಳೆ ಹೆಚ್ಚು. ಮಾರ್ಚಿಯಿಂದ ಬಂಡೆಗಳು ಕಾಯತೊಡಗುತ್ತವೆ. ನವೆಂಬರು ಮೊದಲ್ಗೊಂಡು ಫೆಬ್ರವರಿಯವರೆಗೆ ಪ್ರವಾಸಕ್ಕೆ ಯುಕ್ತವಾದ ಕಾಲ. ಆಗ ಮಳೆ ಬಿದ್ದಿದ್ದರೆ ಕೆರೆಗಳಲ್ಲಿ ನೀರಿರುತ್ತದೆ, ಹೊಲಗಳಲ್ಲಿ ಅವರೆಯೂ ರಾಗಿಯೂ ಇರುತ್ತವೆ. ಪ್ರವಾಸವನ್ನು ಗೌರಿಬಿದನೂರಿನಿಂದ ಆರಂಭಿಸಿ ಪೂರ್ವಕ್ಕೆ ಸಾಗುವುದು ಮೇಲು. ಊರಿಂದೂರಿಗೆ ಹೋಗುವ ಓಟವನ್ನು ಮಧ್ಯಾಹ್ನದ ಊಟದ ಮೇಲೆ ಇಟ್ಟುಕೊಳ್ಳಬೇಕು. ಆಗ ಸೂರ್ಯನು ಬೆನ್ನ ಹಿಂದೆ ಇರುತ್ತಾನೆ. ಗಾಡಿ ನಡೆಸುವವನ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಎದುರಿನ ಬೆಟ್ಟಗಳ ಮುಖದ ಮೇಲೆ ಬೆಳಕು ಬಿದ್ದು ಅವುಗಳ ಬಣ್ಣವು ಚೆನ್ನಾಗಿ ಕಾಣುತ್ತದೆ. ಬೆಳಗ್ಗೆ ಪೂರ್ವಾಭಿಮುಖವಾಗಿ ಓಡಿಸಿದರೆ ಈ ಮೂರೂ ತಲೆಕೆಳಗಾಗುತ್ತವೆ. ಕತ್ತಲಾಗುವುದಕ್ಕೆ ಒಂದು ಗಂಟೆ ಮೊದಲೇ ತಂಗುವ ಸ್ಥಳವನ್ನು ಸೇರಿರಬೇಕು. ಈ ನಿಯಮವನ್ನು ಯಾವ ಕಾರಣಕ್ಕೂ ಸಡಿಲಿಸಲಾಗದು.

ಮೊದಲನೆಯ ದಿನವು ಗೌರಿಬಿದನೂರಿಗೆ. ಊರಿನ ಸಮೀಪದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜದ ಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನೇಕರು ಪ್ರಾಣ ಬಿಟ್ಟರು. ಅಲ್ಲಿ ಈಗ ಸ್ಮಾರಕವಿದೆ. ವಿದುರನು ನೆಟ್ಟನೆಂದು ಜನರು ನಂಬಿದ್ದ ಪುರಾತನವಾದ ಅಶ್ವತ್ಥ ಮರವು 2001ರಲ್ಲಿ ಉರುಳಿಬಿದ್ದಿತು. ಮಕ್ಕಳಿಗೆ ಮೊದಲೇ ಮನೆಯಲ್ಲಿ ಈ ಕಥೆಯನ್ನು ಹೇಳಿ ಕರೆದುಕೊಂಡು ಹೋದರೆ ಅವರು ಅಲ್ಲಿ ತಾವಾಗಿಯೇ ಮೌನವಾಗುತ್ತಾರೆ. ಹೇಳದೆ ಕರೆದುಕೊಂಡು ಹೋದರೆ ಅದು ಕಲ್ಲು ಮರಗಳಿರುವ ಒಂದು ಬಯಲಷ್ಟೆ. ಇದೇ ತಾಲ್ಲೂಕಿನಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ 1976ರಲ್ಲಿ ಸ್ಥಾಪಿಸಿದ ರೇಡಿಯೊ ವೀಕ್ಷಣಾಲಯವಿದೆ. ಅಲ್ಲಿಯ ದೂರದರ್ಶಕವು ಕೊಳವೆಯೂ ಗಾಜೂ ಉಳ್ಳ ಯಂತ್ರವಲ್ಲ. ಬಯಲಿನಲ್ಲಿ ಸಾಲುಸಾಲಾಗಿ ನಿಲ್ಲಿಸಿದ ತಂತಿಗಳ ಸಮೂಹವು ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುತ್ತದೆ. ಮುಂಗಡವಾಗಿ ಪತ್ರ ಬರೆದು ಅನುಮತಿ ಪಡೆಯದೆ ಅಲ್ಲಿಗೆ ಹೋಗಕೂಡದು. ಅನುಮತಿ ಬೇಡುವ ಆ ಪತ್ರವನ್ನು ಮಗಳಿಂದಲೇ ಬರೆಸಬೇಕೆಂದು ನಮ್ಮ ಅಭಿಪ್ರಾಯ.

ಎರಡನೆಯ ದಿನ ಚಿಕ್ಕಬಳ್ಳಾಪುರ. ನಂದಿಬೆಟ್ಟವು ಸಮುದ್ರಮಟ್ಟಕ್ಕೆ 1478 ಮೀಟರು ಎತ್ತರದಲ್ಲಿದೆ. ಸುತ್ತಲಿನ ಬಯಲು ಸುಮಾರು 900 ಮೀಟರು. ಪ್ರತಿ ಸಾವಿರ ಮೀಟರು ಏರಿದರೆ ಉಷ್ಣವು ಸುಮಾರು 6 ಡಿಗ್ರಿ ಇಳಿಯುವುದರಿಂದ ತುದಿಯಲ್ಲಿ ಬಯಲಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು ತಂಪು. ಗಾಳಿ ಬೀಸಿದರೆ ಅದು ಇನ್ನೂ ಹೆಚ್ಚಾಗಿ ತೋರುತ್ತದೆ. ಆದುದರಿಂದ ಕೆಳಗೆ ಸೆಖೆಯೆಂದು ಶಾಲು ಬಿಟ್ಟುಹೋಗಬಾರದು. ಬೆಳಗಿನ ಮಂಜಿನ ಕಾರಣವನ್ನೂ ಮಕ್ಕಳಿಗೆ ತಿಳಿಸಬೇಕು. ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ತಣಿದ ಗಾಳಿ ಭಾರವಾದುದರಿಂದ ತಗ್ಗಿಗೆ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ. ಅದರಲ್ಲಿನ ತೇವವು ಮಂಜಾಗುತ್ತದೆ. ಮೇಲೆ ನಿಂತವರಿಗೆ ಕಣಿವೆಯೆಲ್ಲ ಹಾಲಿನ ಕಡಲಿನಂತೆ ಕಾಣುವುದು ಇದರಿಂದಲೇ. ಬಿಸಿಲು ಏರಿದೊಡನೆ ಅದು ಕರಗುತ್ತದೆ. 1927ರಲ್ಲಿ ಗಾಂಧೀಜಿಯವರು ದೇಹಸ್ಥಿತಿ ಕೆಟ್ಟಿದ್ದಾಗ ಆರೋಗ್ಯಕ್ಕಾಗಿ ಕೆಲವು ವಾರಗಳ ಕಾಲ ತಂಗಿದ್ದುದು ಈ ಬೆಟ್ಟದ ಮೇಲೆಯೇ.

ಬೆಟ್ಟದ ರಸ್ತೆಯಲ್ಲಿ ತಿರುವುಗಳು ಬಿಗಿಯಾದವು. ದೊಡ್ಡ ಮನೆಗಾಡಿಯನ್ನು ಕೆಳಗೆ ನಿಲ್ಲಿಸಿ ಚಿಕ್ಕ ವಾಹನದಲ್ಲಾಗಲಿ ಸರ್ಕಾರಿ ಬಸ್ಸಿನಲ್ಲಾಗಲಿ ಏರುವುದು ವಿವೇಕ. ಅಗಲವಿಲ್ಲದ ಕಡೆ ಇಳಿಯುವ ಗಾಡಿಯು ಏರುವ ಗಾಡಿಗೆ ದಾರಿ ಬಿಡಬೇಕೆಂಬುದು ನಮ್ಮ ದೇಶದ ರಸ್ತೆಯ ನಿಯಮ. ಇಳಿಯುವಾಗ ಬ್ರೇಕನ್ನು ಎಡೆಬಿಡದೆ ಒತ್ತಿ ಹಿಡಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಯಾವ ಗೇರಿನಲ್ಲಿ ಏರಿದೆವೋ ಅಂಥದೇ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಹೊರಡುವ ಹಿಂದಿನ ದಿನ ದಾರಿಯ ಸ್ಥಿತಿಯನ್ನು ವಿಚಾರಿಸುವುದು ಅತ್ಯಗತ್ಯ. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಇಲ್ಲಿ ಗುಡ್ಡ ಕುಸಿದು ರಸ್ತೆ ಕಡಿದುಹೋಗಿ, ಕೆಲವು ತಿಂಗಳು ಪ್ರವಾಸಿಗರಿಗೆ ಬೆಟ್ಟವೇ ಮುಚ್ಚಿತ್ತು. ಮೇಲೆ ಹೇಳಿದ ಅಮೆರಿಕದ ರಸ್ತೆಯನ್ನೂ 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಎಂಬ ಚಂಡಮಾರುತವು ಹಲವೆಡೆ ಹಾಳುಗೆಡವಿತು. ಬೆಟ್ಟದ ದಾರಿಯು ಎಲ್ಲಿಯೂ ಶಾಶ್ವತವಲ್ಲ. ವಾರದ ಕೊನೆಯ ದಿನಗಳಲ್ಲಿ ಜನಸಂದಣಿಯ ನಿಮಿತ್ತ ನಿರ್ಬಂಧಗಳೂ ಇರುವುದುಂಟು. ಸೋಮವಾರದಿಂದ ಗುರುವಾರದೊಳಗೆ ಒಂದು ದಿನವನ್ನು ಆರಿಸಿಕೊಳ್ಳಿರಿ.

ಇಳಿದುಬಂದ ಮೇಲೆ ನಂದಿಗ್ರಾಮದ ಭೋಗನಂದೀಶ್ವರ ದೇವಾಲಯವನ್ನೂ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯನ್ನೂ ನೋಡಬಹುದು. ದೇವಾಲಯದ ಮೂಲವು 9ನೆಯ ಶತಮಾನದ್ದು. ಗಂಗ, ಚೋಳ, ಹೊಯ್ಸಳ, ವಿಜಯನಗರದ ಕಾಲಗಳಲ್ಲಿ ಅದು ಬೆಳೆಯುತ್ತ ಬಂದಿತು. ವಿಶ್ವೇಶ್ವರಯ್ಯನವರ ಬಾಲ್ಯದ ವಿದ್ಯಾಭ್ಯಾಸವು ಚಿಕ್ಕಬಳ್ಳಾಪುರದಲ್ಲಿ ನಡೆಯಿತು. 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಅವರ ಸಮಾಧಿಯೂ ಹುಟ್ಟೂರಿನಲ್ಲಿಯೇ ಇದೆ.

ನೀರಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ನಂದಿಯ ಸುತ್ತಣ ಬೆಟ್ಟಸಾಲು ನದಿಗಳ ತೌರುಮನೆ. ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೇಲೆ ಹಾದು ಆಂಧ್ರಕ್ಕೆ ಹೋಗುತ್ತದೆ, ದಕ್ಷಿಣ ಪಿನಾಕಿನಿಯು ತಮಿಳುನಾಡಿಗೆ, ಅರ್ಕಾವತಿಯು ಕಾವೇರಿಗೆ, ಚಿತ್ರಾವತಿ, ಪಾಪಾಗ್ನಿಗಳು ಮುಂದೆ ಉತ್ತರ ಪಿನಾಕಿನಿಯನ್ನೇ ಕೂಡುತ್ತವೆ. ಹೆಣ್ಣುಮಕ್ಕಳನ್ನು ಹೆತ್ತು ದೂರದ ಊರುಗಳಿಗೆ ಕೊಟ್ಟ ತಾಯಿಯಂತೆ ಈ ಸೀಮೆಯು ತನ್ನ ನದಿಗಳನ್ನೆಲ್ಲ ಹೊರಗೆ ಕಳುಹಿಸಿದೆ. ತನಗಾಗಿ ವರ್ಷವಿಡೀ ಹರಿಯುವ ಒಂದನ್ನೂ ಉಳಿಸಿಕೊಂಡಿಲ್ಲ. ಜನರು ಕೆರೆಗಳನ್ನೂ ಆಳವಾದ ಕೊಳವೆಬಾವಿಗಳನ್ನೂ ನಂಬಿ ಬಾಳುತ್ತಾರೆ. ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶವು ಹೆಚ್ಚು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಹೆಚ್ಚುತ್ತದೆ. ಆದಕಾರಣ ದಿನಕ್ಕೆ ಒಬ್ಬರಿಗೆ 3 ಲೀಟರಿನಂತೆ ಕುಡಿಯುವ ನೀರನ್ನು ಒಯ್ಯಬೇಕು, ಅಥವಾ ಶುದ್ಧ ನೀರಿನ ಘಟಕಗಳಿಂದ ತುಂಬಿಸಿಕೊಳ್ಳಬೇಕು. ಹಳ್ಳಿಯಲ್ಲಿ ಕೊಟ್ಟ ಒಂದು ಕೊಡ ನೀರು ಯಾರೋ ಹೆಂಗಸು ಹೊತ್ತುತಂದದ್ದೆಂಬುದನ್ನು ನೆನೆದು, ಮಕ್ಕಳು ಅದರಿಂದ ಕಾಲು ತೊಳೆಯದಂತೆ ನೋಡಿಕೊಳ್ಳಬೇಕು.

ಮೂರನೆಯ ದಿನ ಶಿಡ್ಲಘಟ್ಟ. ಇದು ರೇಷ್ಮೆಯ ಊರು. ಇಲ್ಲಿಯ ಗೂಡಿನ ಮಾರುಕಟ್ಟೆಯು ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಗೂಡುಗಳು ಬೆಳಗ್ಗೆ ಬಂದು ಮಾರಾಟವಾಗುವುದರಿಂದ ಹಿಂದಿನ ರಾತ್ರಿ ಸಮೀಪದಲ್ಲಿಯೇ ತಂಗಿರಬೇಕು. ಹಿಪ್ಪುನೇರಳೆಯ ಸೊಪ್ಪು ತಿಂದು ಬೆಳೆಯುವ ಹುಳುವು ನಾಲ್ಕು ಬಾರಿ ಜ್ವರಕ್ಕೆ ಕೂತು ಚರ್ಮ ಬಿಟ್ಟು, ಸುಮಾರು 25 ದಿನಗಳಲ್ಲಿ ಹಣ್ಣಾಗಿ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಒಂದು ಗೂಡಿನ ಎಳೆಯು ಒಂದು ಕಿಲೋಮೀಟರಿನಷ್ಟು ಉದ್ದವಿರಬಹುದು. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಅಂಟನ್ನು ಮೆತ್ತಗೆ ಮಾಡಿ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ಬಿಚ್ಚುತ್ತಾರೆ. ಈ ಕೆಲಸದ ಮನೆಗಳಲ್ಲಿ ದಿನವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟಿರುವವರಲ್ಲಿ ಹೆಂಗಸರು ಬಹಳ. ಒಡೆಯರ ಅಪ್ಪಣೆಯಿಲ್ಲದೆ ಒಳಗೆ ಹೋಗುವುದೂ ಕೇಳದೆ ಅವರ ಚಿತ್ರ ತೆಗೆಯುವುದೂ ಮರ್ಯಾದೆಯಲ್ಲ. ಮದುವೆಯ ಸೀರೆಯನ್ನು ಬಲ್ಲ ಮಗಳು ಆ ಕೈಗಳನ್ನೂ ಬಲ್ಲವಳಾದರೆ ಪ್ರವಾಸದ ಖರ್ಚು ಸಾರ್ಥಕವಾಯಿತು.

ನಾಲ್ಕನೆಯ ದಿನ ಚಿಂತಾಮಣಿ. ಸಮೀಪದ ಕೈವಾರವು ಯೋಗಿ ನಾರೇಯಣರ ಊರು. ಜನರು ಅವರನ್ನು ಕೈವಾರ ತಾತಯ್ಯನೆಂದು ಕರೆಯುತ್ತಾರೆ. ಕನ್ನಡ, ತೆಲುಗು ಎರಡು ಭಾಷೆಗಳಲ್ಲಿಯೂ ಅವರ ಕೀರ್ತನೆಗಳುಂಟು. ಗಡಿನಾಡಿನ ಈ ಸೀಮೆಯಲ್ಲಿ ಎರಡು ಭಾಷೆಗಳು ಒಂದೇ ಮನೆಯಲ್ಲಿ ಬಾಳುತ್ತವೆಂಬುದನ್ನು ಮಕ್ಕಳು ಅಲ್ಲಿ ಕಿವಿಯಿಂದ ಕೇಳಬಹುದು. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರವು ಇದೇ ಎಂದು ಸ್ಥಳದವರು ಹೇಳುತ್ತಾರೆ. ಕೈಲಾಸಗಿರಿಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಿವೆ. ಅವು ಪುರಾತನವಲ್ಲ, ನಮ್ಮ ಕಾಲದ ಕೆಲಸ. ಬಂಡೆ ಮಾತ್ರ ಬಹು ಪುರಾತನ. ಈ ಸೀಮೆಯ ಬೆಣಚು ಬಂಡೆಗಳಿಗೆ ಸುಮಾರು 250 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಎಣಿಸುತ್ತಾರೆ. ಅಪಲಾಚಿಯನ್ ಪರ್ವತಗಳು ಏಳತೊಡಗಿದುದು ಸುಮಾರು 48 ಕೋಟಿ ವರ್ಷದ ಹಿಂದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದರೂ ಜನರು ಬಾಯಿಬಿಟ್ಟು ಹೇಳಲು ಸಂಕೋಚಪಡುವ ವಿಷಯ. ದಾರಿಯಲ್ಲಿ ಶೌಚಗೃಹವು ಸಿಕ್ಕದೆಂಬ ಭಯದಿಂದ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದಿರುತ್ತಾರೆ. ಮಧ್ಯಾಹ್ನಕ್ಕೆ ತಲೆನೋವು, ಸಂಜೆಗೆ ಸಂಕಟ, ಕೆಲವು ವೇಳೆ ಮೂತ್ರದ ಉರಿಯೂ ಜ್ವರವೂ ಬರುತ್ತವೆ. ಆಗ “ಹುಡುಗಿಯರಿಗೆ ಪ್ರವಾಸ ಒಗ್ಗದು” ಎನ್ನುತ್ತಾರೆ. ಒಗ್ಗದಿದ್ದುದು ಪ್ರವಾಸವಲ್ಲ, ಯೋಜನೆಯಿಲ್ಲದ ಪ್ರವಾಸ. ಆದಕಾರಣ ನಕ್ಷೆಯ ಮೇಲೆ ದೇಗುಲಗಳನ್ನು ಗುರುತಿಸುವುದಕ್ಕೆ ಮುಂಚೆ ಶುಚಿಯಾದ ಶೌಚಗೃಹಗಳನ್ನು ಗುರುತಿಸಿರಿ. ಪೆಟ್ರೋಲು ಬಂಕು, ಬಸ್ಸು ನಿಲ್ದಾಣ, ಊಟದ ಮನೆ, ಪರಿಚಿತರ ಮನೆ ಇವುಗಳಲ್ಲಿ ಯಾವುದಾದರೂ ಎರಡು ಗಂಟೆಗೊಂದರಂತೆ ಇರಲಿ. ತಿಂಗಳ ದಿನಗಳಿಗೆ ಬೇಕಾದ ಬಟ್ಟೆಯೂ ಸಾಬೂನೂ ಕಾಗದದ ಚೀಲಗಳೂ ಒಂದು ಪ್ರತ್ಯೇಕ ಪೆಟ್ಟಿಗೆಯಲ್ಲಿರಲಿ. ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ಅದು ಕೈಗೆ ಸಿಕ್ಕುವ ಕಡೆ ಇರಲಿ. ಮನೆಗಾಡಿಯಾದರೆ ಅದರ ಮಲಿನಜಲದ ತೊಟ್ಟಿಯನ್ನು ಎಲ್ಲಿ ಬರಿದುಮಾಡಬೇಕೆಂಬುದನ್ನು ಮೊದಲೇ ಕೇಳಿಕೊಳ್ಳಿರಿ. ಕೆರೆಯ ಅಂಗಳವು ಅದಕ್ಕೆ ಸ್ಥಳವಲ್ಲ. ರಾತ್ರಿ ಗಾಡಿಯನ್ನು ನಿರ್ಜನವಾದ ಬೆಟ್ಟದ ಬದಿಯಲ್ಲಿ ನಿಲ್ಲಿಸಬೇಡಿರಿ. ನೋಟವು ಚೆನ್ನಾಗಿದ್ದರೂ ನಿದ್ರೆಯು ಬರುವುದಿಲ್ಲ. ತಂಗುಮನೆಯ ಅಂಗಳವಾಗಲಿ, ಅಪ್ಪಣೆ ಪಡೆದ ತೋಟದ ಮನೆಯಾಗಲಿ ಯೋಗ್ಯ.

ಕೊನೆಯದಾಗಿ, ಬಿಟ್ಟುಬಿಡುವುದನ್ನೂ ಯೋಜನೆಯಲ್ಲಿ ಬರೆಯಬೇಕು. ಗುಡಿಬಂಡೆಯ ಕೋಟೆಯೂ ಅದರ ಕೆಳಗಿನ ಬೈರಸಾಗರವೂ ಬಹು ರಮ್ಯವಾದವು. ಆದರೆ ಅವು ಈ ಹಾದಿಯಿಂದ ಉತ್ತರಕ್ಕೆ ದೂರ. ಸ್ಕಂದಗಿರಿಯನ್ನು ಏರುವುದಕ್ಕೆ ಮುಂಗಡ ಅನುಮತಿಯೂ ಗಟ್ಟಿ ಮೊಣಕಾಲೂ ಬೇಕು. ಇವೆರಡನ್ನೂ ಮತ್ತೊಂದು ರಜೆಗೆ ಇಟ್ಟುಕೊಳ್ಳಿರಿ. ಎಲ್ಲವನ್ನೂ ನಾಲ್ಕು ದಿನಗಳಲ್ಲಿ ತುರುಕಿದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಗಾಡಿಯ ಕುಲುಕಾಟ ಮಾತ್ರ.

ಈ ಯೋಜನೆಯನ್ನು ಯಾರು ಮಾಡಬೇಕು? ತಂದೆಯು ಹಣದ ಮೇರೆಯನ್ನೂ ತಾಯಿಯು ದಿನಗಳನ್ನೂ ಗೊತ್ತುಮಾಡಿಕೊಟ್ಟ ಮೇಲೆ, ಉಳಿದುದನ್ನು ಮಗಳಿಗೆ ಒಪ್ಪಿಸಿರಿ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯು ನಕ್ಷೆಯ ಅಳತೆಯಿಂದ ದೂರವನ್ನೂ, ದೂರದಿಂದ ಕಾಲವನ್ನೂ, ಕಾಲದಿಂದ ಊಟ ನೀರುಗಳ ಲೆಕ್ಕವನ್ನೂ ತೆಗೆಯಬಲ್ಲಳು. ಇವೆಲ್ಲ ಅವಳು ಶಾಲೆಯಲ್ಲಿ ಕಲಿತ ಪಾಠಗಳೇ. ನೂರು ಪುಟದ ಒಂದು ಪುಸ್ತಕದಲ್ಲಿ ದಿನಕ್ಕೊಂದು ಪುಟದಂತೆ ಹೊರಡುವ ವೇಳೆ, ನಿಲ್ಲುವ ಸ್ಥಳ, ತಂಗುವ ಮನೆ, ಸಮೀಪದ ಆಸ್ಪತ್ರೆ, ಖರ್ಚು ಇವುಗಳನ್ನು ಬರೆಯಲಿ. ತಪ್ಪಿದ್ದರೆ ತಿದ್ದಿರಿ, ಆದರೆ ಪುಸ್ತಕವನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಡಿರಿ. ಒಮ್ಮೆ ಹತ್ತು ಮಂದಿಯನ್ನು ಕ್ಷೇಮವಾಗಿ ಕರೆದುಕೊಂಡು ಹೋಗಿ ಕರೆತಂದ ಲೆಕ್ಕವನ್ನು ತಾನೇ ಬರೆದವಳು, ಮುಂದೆ ಓದಿಗೋ ಉದ್ಯೋಗಕ್ಕೋ ದೂರದ ಊರಿಗೆ ಹೊರಡಬೇಕಾದಾಗ ಬಾಗಿಲಲ್ಲಿ ನಿಂತು ಹೆದರುವುದಿಲ್ಲ. ಅವಳನ್ನು ಕಳುಹಿಸುವ ನೀವೂ ಹೆದರಬೇಕಾದುದಿಲ್ಲ. ನವೆಂಬರು ಬರುವುದಕ್ಕೆ ಮುಂಚೆ ಆ ಪುಸ್ತಕವನ್ನು ಕೊಂಡುಕೊಡಿರಿ.